ಅಸಲಿಯೋ ಹುಸಿಯೋ

ನಾಲಿಗೆಯ ಬಲಮಗ್ಗುಲಲ್ಲಿ, ಹಿಂದಿನ ದವಡೆ ಹಲ್ಲಿನ ಹತ್ತಿರ, ಒಂದು ಸಣ್ಣ ಒಗರು — ಇಲ್ಲ ಒಗರಲ್ಲ, ಸ್ಟೀಲ್ ಚಮಚವನ್ನು ಸುಮ್ಮನೆ ಬಾಯಲ್ಲಿ ಇಟ್ಟುಕೊಂಡ ಹಾಗೆ, ಬಂತು, ಈಗ ಹೋಯಿತು, ಇರು, ಮತ್ತೆ ಬಂತಾ, ಅವಳು ಆಸ್ಪತ್ರೆಯ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡೇ ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿದಳು, ಎದುರಿಗೆ ಕೂತವರು ಪಾಪ ಈ ಹೆಂಗಸಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿದೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಬೆಳಿಗ್ಗೆ ನುಂಗಿದ ಮಾತ್ರೆಯ ರುಚಿಯೇ ಇದು, ಅಥವಾ ಮಾತ್ರೆಗೆ ಹೀಗೊಂದು ರುಚಿ ಇರಲೇಬೇಕು ಅಂತ ತಾನೇ ಕಾದು ಕೂತಿದ್ದರಿಂದ ಬಂದ ರುಚಿ, ಯಾವುದು ಅಂತ ಹೇಗೆ ಹೇಳುವುದು, ಒಂದೂವರೆ ವರ್ಷದಿಂದ ಇದೇ ಪ್ರಶ್ನೆ ಅವಳ ಜೊತೆ ಎದ್ದು ಅವಳ ಜೊತೆ ಮಲಗುತ್ತಿದೆ, ಬೆಳಿಗ್ಗೆ ಒಂದು ಸಂಜೆ ಒಂದು ನುಂಗುವ ಆ ತಿಳಿ ಹಳದಿ ಮಾತ್ರೆ ಅಸಲಿಯೋ ಹುಸಿಯೋ, ಒಳಗೆ ಮದ್ದಿದೆಯೋ ಬರೀ ಪುಡಿಯಿದೆಯೋ, ಅಂಡಾಶಯದ ಕ್ಯಾನ್ಸರ್ ಮತ್ತೆ ತಲೆ ಎತ್ತದ ಹಾಗೆ ಒಳಗೆ ಯಾರಾದರೂ ಕಾವಲು ಕೂತಿದ್ದಾರೋ ಇಲ್ಲಾ ಖಾಲಿ ಕುರ್ಚಿಯ ಮೇಲೆ ಟೋಪಿ ಇಟ್ಟು ಎದ್ದು ಹೋಗಿದ್ದಾರೋ. ಇವತ್ತು ಹೇಳುತ್ತಾರೆ. ಟ್ರಯಲ್‌ನ ಫಲಿತಾಂಶ ಬಂದಿದೆ, ಮದ್ದು ಕೆಲಸ ಮಾಡುತ್ತದಂತೆ, ಇನ್ನು ಗುಟ್ಟು ಇಟ್ಟುಕೊಳ್ಳುವುದು ನ್ಯಾಯವಲ್ಲ ಅಂತ ಮೇಲಿನವರು ತೀರ್ಮಾನ ಮಾಡಿದ್ದಾರಂತೆ, ಬೇಕು ಅಂದವರನ್ನು ಒಬ್ಬೊಬ್ಬರನ್ನೇ ಕರೆದು ನಿಮ್ಮದು ಇಂಥದ್ದು ಅಂತ ಹೇಳಿ, ಹುಸಿ ನುಂಗಿದವರಿಗೆ ಅಸಲಿ ಶುರು ಮಾಡುತ್ತಾರಂತೆ. ಇಷ್ಟು ದಿನದ ತುರಿಕೆ ಇವತ್ತು ನಿಲ್ಲುತ್ತದೆ, ಅವಳಂಥ ಕುತೂಹಲದ ಪ್ರಾಣಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು, ಮತ್ತೆ ಬಾಗಿಲು ದಾಟುವಾಗ ಕಾಲು ಯಾಕೆ ಹಿಂದಕ್ಕೆ ಎಳೆಯಿತು — ಯಾಕೆ ಅಂತ ಗೊತ್ತು, ಮೂರನೇ ಮಹಡಿಯಲ್ಲಿ ಇದೇ ಟ್ರಯಲ್‌ನ ಗೆಳತಿ ಮಫ್ಲರಮ್ಮ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಳೆ, ಮೊದಲು ಇಲ್ಲಿ ಕೇಳಿಕೊಂಡು ಆಮೇಲೆ ಮೇಲೆ ಬಂದು ಹೇಳುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಾಗಿದೆ.

ಹುಟ್ಟಿದಾಗಿನಿಂದ ಹೀಗೇ ಇವಳು, ಮುಚ್ಚಿದ ಡಬ್ಬಿ ಕಂಡರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವಳು, ಅದಕ್ಕೇ ಆ ಕೆಲಸ ಇವಳಿಗೆ ಅಷ್ಟು ಒಗ್ಗಿತು, ಬಿಸ್ಕತ್ತಿನ ಕಾರ್ಖಾನೆ, ಒಲೆಗಳ ಕಾವು ತಟ್ಟದ ಹಿಂದಿನ ಕೋಣೆ, ಸಾಲಾಗಿ ಗೂಡುಗಳು, ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ರುಚಿ ನೋಡುವವ, ಮಧ್ಯೆ ಹಲಗೆ, ಒಬ್ಬನ ಮುಖ ಇನ್ನೊಬ್ಬನಿಗೆ ಕಾಣಬಾರದು, ಪಕ್ಕದವನು ಹುಬ್ಬು ಗಂಟಿಕ್ಕಿದರೆ ಇವನ ನಾಲಿಗೆಗೂ ಕಹಿ ಹತ್ತಿಬಿಡುತ್ತದೆ. ಅವಳು ಕಿಂಡಿಯಿಂದ ಎರಡೆರಡು ತಟ್ಟೆ ಒಳಗೆ ತಳ್ಳುತ್ತಿದ್ದಳು, ತಟ್ಟೆಯ ಮೇಲೆ ಹೆಸರಿಲ್ಲ, ಬರೀ ಅಂಕಿ, ಯಾವ ಅಂಕಿ ಯಾವ ಬಿಸ್ಕತ್ತು ಅನ್ನುವುದು ಇಡೀ ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ ಗೊತ್ತು, ಮ್ಯಾನೇಜರು ಖುದ್ದಾಗಿ ಬಂದು ಹಲ್ಲು ಕಿರಿದು ಮೇಡಂ ನಮ್ಮದು ಯಾವುದು ಒಂಚೂರು ಸುಳಿವು ಕೊಡಿ ಅಂದರೂ ಬಾಯಿಗೆ ಬೀಗ, ಕೊಟ್ಟರೆ ಪರೀಕ್ಷೆ ಕೆಟ್ಟಿತು ಸಾರ್ ಅಷ್ಟೇ. ಕೆಲವು ಸಲ, ರುಚಿ ನೋಡುವವರನ್ನೇ ಪರೀಕ್ಷಿಸಲು, ಎರಡೂ ತಟ್ಟೆಗೆ ಒಂದೇ ಟ್ರೇಯ ಬಿಸ್ಕತ್ತು ಇಡುತ್ತಿದ್ದಳು, ಆಗ ನೋಡಬೇಕು ತಮಾಷೆ, ಎಡಗಡೇದರಲ್ಲಿ ಬೆಣ್ಣೆ ಜಾಸ್ತಿ ಮೇಡಂ, ಬಲಗಡೇದು ಯಾಕೋ ಹಳಸಲು, ಗಂಟಲಲ್ಲಿ ಹಿಡಿಯುತ್ತೆ, ಒಬ್ಬನಂತೂ ಬಲಗಡೆಯದು ತಿಂದು ಎದೆ ಉರಿ ಬಂತು ಅಂತ ಮಧ್ಯಾಹ್ನ ರಜೆ ಹಾಕಿ ಹೋದ, ಅವಳು ಕಿಂಡಿ ಮುಚ್ಚಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು, ಸುಳ್ಳು ಹೇಳುತ್ತಿರಲಿಲ್ಲ ಅವರು, ಅದೇ ಅದರ ಸ್ವಾರಸ್ಯ, ನಿಜವಾಗಿಯೂ ಅವರಿಗೆ ಹಾಗೇ ಅನ್ನಿಸುತ್ತಿತ್ತು. ಈಗ ಕಿಂಡಿಯ ಆಚೆ ಯಾರೋ ಕೂತು ತಟ್ಟೆ ತಳ್ಳುತ್ತಿದ್ದಾರೆ, ಗೂಡಿನೊಳಗೆ ಕೂತಿರುವುದು ತಾನು, ಇದನ್ನು ನೆನೆಸಿಕೊಂಡಾಗೆಲ್ಲ ಅವಳಿಗೆ ನಗು ಬರುತ್ತದೆ, ಈಗಲೂ ಬಂತು, ಎದುರಿನವರು ಈಗ ಹಲ್ಲಿನ ಕಥೆ ಬಿಟ್ಟು ಬೇರೇನೋ ಯೋಚಿಸಲು ಶುರು ಮಾಡಿರಬೇಕು.

ಕಾಯಿಲೆ ಬಂದದ್ದೂ ಮುಚ್ಚಿದ ಡಬ್ಬಿಯ ಹಾಗೆಯೇ, ಹೊಟ್ಟೆ ಉಬ್ಬಿತು, ಎರಡು ತುತ್ತಿಗೇ ಸಾಕು ಸಾಕು, ಲಂಗದ ಲಾಡಿ ಸಡಿಲ ಮಾಡಿದಳು, ಬಿಸ್ಕತ್ತು ಜಾಸ್ತಿಯಾಯ್ತು ಮೇಡಂ ಅಂತ ಪ್ಯಾಕಿಂಗಿನ ಹುಡುಗಿಯರು ಕಿಚಾಯಿಸಿದರು, ಅವಳೂ ಸೇರಿಕೊಂಡು ನಕ್ಕಳು, ಗ್ಯಾಸು ಅಂದರು ಗಂಡ, ಗ್ಯಾಸು ಅಂದಳು ತಂಗಿ, ಹೊಟ್ಟೆಯೊಳಗಿನದನ್ನು ಹೊರಗಿನಿಂದ ಅಲ್ಲಾಡಿಸಿ ನೋಡಲು ಬರುವುದಿಲ್ಲವಲ್ಲ. ಆಮೇಲೆ ಸ್ಕ್ಯಾನು, ಆಪರೇಷನ್ನು, ಡ್ರಿಪ್ಪು, ಕೂದಲು ಹೋಗಿ ಕೂದಲು ಬಂದು — ಬಂದದ್ದು ಗುಂಗುರು, ಮೊದಲು ನೆಟ್ಟಗಿತ್ತು, ಯಾಕೆ ಹೀಗೆ ಅಂತ ಕೇಳಿದರೆ ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲ. ಆ ಡಾಕ್ಟರೇ ಒಂದು ದಿನ ಎದುರು ಕೂರಿಸಿಕೊಂಡು ಹೇಳಿದರು, ನೋಡಿಮ್ಮಾ, ಸದ್ಯಕ್ಕೆ ಏನೂ ಕಾಣ್ತಿಲ್ಲ, ಆದರೆ ಈ ಕಾಯಿಲೆ ವಾಪಸ್ ಬರೋ ಜಾತಿದು, ಅದನ್ನ ತಡೆಯುತ್ತೆ ಅಂತ ನಾವು ನಂಬಿರೋ ಒಂದು ಹೊಸ ಮಾತ್ರೆ ಇದೆ, ನಂಬಿರೋದಷ್ಟೇ, ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋಕೇ ಈ ಟ್ರಯಲ್ಲು, ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಅದೇ ಥರ ಕಾಣೋ ಹುಸಿ ಮಾತ್ರೆ, ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ, ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಗಂಡನ ಮುಖ ಇಷ್ಟು ಚಿಕ್ಕದಾಯಿತು, ಹುಸಿ ಸಿಕ್ಕಿದರೆ ನನ್ನ ಹೆಂಡತಿ ಗತಿ ಏನು ಸ್ವಾಮಿ ಅಂದರು, ಅವಳಿಗೆ ಮಾತ್ರ ಕಿವಿ ನಿಮಿರಿತು, ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ, ಕುರ್ಚಿ ಮುಂದಕ್ಕೆ ಎಳೆದುಕೊಂಡಳು, ಅಂಕಿ ಹಾಕುವವರು ಯಾರು, ಯಾವ ಅಂಕಿ ಯಾವುದು ಅನ್ನೋ ಕೀ ಯಾರ ಹತ್ತಿರ ಇರುತ್ತೆ, ಹುಸಿ ಮಾತ್ರೆಗೂ ಅಷ್ಟೇ ತೂಕ ಇಟ್ಟಿದ್ದೀರಾ, ಅಸಲಿ ಕಹಿಯಾಗಿದ್ದರೆ ಹುಸಿಗೂ ಕಹಿ ಬೆರೆಸಿದ್ದೀರಾ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಡಾಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು, ಕಹಿ ವಿಷಯ ಯಾರೂ ಕೇಳಿರಲಿಲ್ಲ, ವಿಚಾರಿಸಿ ಹೇಳ್ತೀನಮ್ಮ ಅಂದರು, ಮುಂದಿನ ಸಲ ನೆನಪಿಟ್ಟುಕೊಂಡು ಹೇಳಿದರು ಕೂಡ, ಮೇಲಿನ ಲೇಪ ಎರಡಕ್ಕೂ ಒಂದೇ, ಅಗಿದರೆ ಮಾತ್ರ ವ್ಯತ್ಯಾಸ ತಿಳಿದೀತು, ದಯವಿಟ್ಟು ಅಗಿಯಬೇಡಿ. ಅಗಿಯಲಿಲ್ಲ. ಒಂದೇ ಒಂದು ಸಲ ನೆಕ್ಕಿದ್ದಳು, ಅದೂ ಲೇಪದ ರುಚಿ ಹೇಗಿದೆ ನೋಡೋಣ ಅಂತ, ಸಪ್ಪೆ.

ನೆಕ್ಕಿ ಗೊತ್ತಾಗದಿದ್ದರೆ ಮೈಯನ್ನೇ ಕೇಳಬೇಕು. ಕೇಳಿದಳು, ದಿನಾ ಕೇಳಿದಳು, ಬೆಳಿಗ್ಗೆ ಎದ್ದ ಕೂಡಲೇ ಉಗುರು ನೋಡಿಕೊಳ್ಳುವುದು, ಕಣ್ಣಿನ ಕೆಳರೆಪ್ಪೆ ಎಳೆದು ಕೆಂಪಿದೆಯಾ ಬಿಳಿಚಿದೆಯಾ, ಮೆಟ್ಟಿಲು ಹತ್ತಿದರೆ ಏದುಸಿರು ಬಂತಾ, ಮದ್ದು ಅಸಲಿಯಾಗಿದ್ದರೆ ವಾಂತಿ ಬರಬಹುದು ಸುಸ್ತಾಗಬಹುದು ರಕ್ತ ಕಡಿಮೆಯಾಗಬಹುದು ಅಂತ ಅವರೇ ಓದಿ ಹೇಳಿದ್ದರಲ್ಲ, ಆದರೆ ಇವಳಿಗೆ ಹಸಿವು ಚೆನ್ನಾಗಿ, ನಿದ್ದೆ ಚೆನ್ನಾಗಿ, ಗಂಡನ ಜೊತೆ ಜಗಳವೂ ಮೊದಲಿನಷ್ಟೇ ಚೆನ್ನಾಗಿ. ನಿನ್ನ ಮುಖದ ಕಳೆ ನೋಡಿದರೇ ಗೊತ್ತಾಗುತ್ತೆ ಅಸಲಿ ಕಣೇ, ಅನ್ನುತ್ತಿದ್ದರು ಗಂಡ. ವಾಂತಿ ಇಲ್ಲ ಏನಿಲ್ಲ, ಹುಸಿಯೇ ಇರಬೇಕು, ಅನ್ನುತ್ತಿದ್ದಳು ಅವಳು. ಒಂದು ದಿನ ಸಿಂಕಿನ ಹತ್ತಿರ ನಿಂತಿದ್ದಾಗ ಒಂಚೂರು ತಲೆ ಸುತ್ತಿತು, ಅಯ್ಯೋ ಎಂಥ ಖುಷಿ, ರೀ ತಲೆ ಸುತ್ತುತ್ತಿದೆ ರೀ ಅಂತ ಕೂಗಿ ಕರೆದಳು, ಅವರು ಓಡಿ ಬಂದು ಹಿಡಿದುಕೊಂಡರೆ ಇವಳು ಲಾಟರಿ ಹೊಡೆದವಳ ಹಾಗೆ ಹಲ್ಲು ಬಿಡುತ್ತಿದ್ದಾಳೆ, ಮರುಕ್ಷಣ ಅನುಮಾನ — ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಲ್ಲ, ಒಂದೇ ಟ್ರೇಯ ಬಿಸ್ಕತ್ತು ತಿಂದು ಎದೆ ಉರಿ ಅಂತ ರಜೆ ಹಾಕಿದವನು ಕಣ್ಣ ಮುಂದೆ ಬಂದು ನಿಂತ, ಈಗ ಗೊತ್ತಾಯ್ತಾ ಮೇಡಂ ಅಂದ. ಗೊತ್ತಾಯ್ತಪ್ಪ. ಮೈ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ, ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ, ಕೇಳುವವರಿಗೆ ಏನು ಬೇಕೋ ಅದನ್ನೇ ಹೇಳುತ್ತದೆ, ಇದು ಅವಳು ಆ ಒಂದೂವರೆ ವರ್ಷದಲ್ಲಿ ಮೈಯಿಂದಲೇ ಕಲಿತ ಪಾಠ.

ಮಫ್ಲರಮ್ಮ ಸಿಕ್ಕಿದ್ದು ಇದೇ ಕಾರಿಡಾರಿನಲ್ಲಿ, ಬಹುಶಃ ಇದೇ ಕುರ್ಚಿಯ ಸಾಲಿನಲ್ಲಿ, ಅದೇ ಕಾಯಿಲೆ, ಅದೇ ಟ್ರಯಲ್ಲು, ತಿಂಗಳಿಗೊಮ್ಮೆ ರಕ್ತ ಕೊಡುವ ದಿನವೂ ಒಂದೇ. ಬಸ್ ಕಂಡಕ್ಟರ್ ಆಗಿದ್ದವಳು, ತುಂಬಿದ ಬಸ್ಸಿನ ಕೊನೆಯ ಸೀಟಿನವರೆಗೂ ಕೇಳುವ ಗಂಟಲು, ಕೂದಲು ಹೋದಾಗ ಎಲ್ಲರೂ ವಿಗ್ಗು ಸ್ಕಾರ್ಫು ಅಂತ ಒದ್ದಾಡಿದರೆ ಇವಳು ಡ್ಯೂಟಿಯ ಹಳೇ ಉಣ್ಣೆ ಮಫ್ಲರನ್ನೇ ತಲೆಗೆ ಕಿವಿಗೆ ಸುತ್ತಿಕೊಂಡು ಬಂದಳು, ಕೂದಲು ಬಂದ ಮೇಲೂ ಬಿಡಲಿಲ್ಲ, ನರ್ಸು ಸೂಜಿ ಹಿಡಿದು ನಿಂತರೆ ತೋಳು ಚಾಚಿ ರೈಟ್ ಅನ್ನುತ್ತಿದ್ದಳು, ಸೂಜಿ ಹೊರಗೆ ಬಂದ ಮೇಲೆ ಇನ್ನೊಂದು ರೈಟ್. ಮೊದಲ ದಿನವೇ ಏಕವಚನ, ನಿಂದೇನು ಕೆಲಸ ಅಂತ ಕೇಳಿ, ಬಿಸ್ಕತ್ತಿನ ಕಾರ್ಖಾನೆ ಅಂದ ಕೂಡಲೇ ಬಿಸ್ಕತ್ತು ಅಂತ ಹೆಸರಿಟ್ಟು, ಆಮೇಲಿಂದ ಅದೇ ಹೆಸರು. ಇಬ್ಬರೂ ಸೇರಿದರೆ ಒಂದೇ ಮಾತು, ನಿಂಗೆ ವಾಂತಿ ಆಯ್ತಾ, ನಂಗಾಯ್ತು, ನಿಂಗೆ ಸುಸ್ತಾ, ನಂಗೆ ಬಕೆಟ್ ಎತ್ತೋಕಾಗಲ್ಲ, ನಾಲಿಗೆ ರುಚಿ ಹೋಯ್ತಾ, ನಂಗೆ ಟೀ ಕುಡಿದ್ರೆ ಕೆಸರು ಕುಡಿದ ಹಾಗೆ. ಹೀಗೆ ಒಬ್ಬರ ಮುಖ ಒಬ್ಬರು ನೋಡಬಾರದು, ಮಧ್ಯೆ ಹಲಗೆ ಇರಬೇಕು ಅಂತ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಕೇಳದೆ ಇರಲಾಗಲಿಲ್ಲ, ಗೂಡಿನೊಳಗೆ ಕೂತ ಮೇಲೆ ಎಲ್ಲರೂ ಒಂದೇ. ನಂದು ಅಸಲಿ, ಗ್ಯಾರಂಟಿ, ಇಷ್ಟು ಹಿಂಸೆ ಕೊಡೋದು ಅಸಲಿ ಮಾಲೇ, ಅನ್ನುತ್ತಿದ್ದಳು ಮಫ್ಲರಮ್ಮ ವಾಂತಿ ಮಾಡಿ ಬಾಯಿ ಒರೆಸಿಕೊಳ್ಳುತ್ತಾ, ಹೆಮ್ಮೆಯಿಂದಲೇ, ಆಮೇಲೆ ಇವಳ ಗುಂಡು ಗುಂಡಾದ ಕೆನ್ನೆ ನೋಡಿ ಸುಮ್ಮನಾಗುತ್ತಿದ್ದಳು. ಪಾಪ ಅನ್ನುವ ನೋಟ ಅದು, ಇವಳಿಗೆ ಅರ್ಥವಾಗುತ್ತಿತ್ತು, ಬೇರೆ ಯಾರು ಹಾಗೆ ನೋಡಿದರೂ ಸಿಟ್ಟು ಬರುತ್ತಿತ್ತು, ಮಫ್ಲರಮ್ಮ ನೋಡಿದರೆ ಬರುತ್ತಿರಲಿಲ್ಲ.

ಕ್ಯಾಂಟೀನಿನ ಮೂಲೆಯ ಟೇಬಲ್ಲು, ಮಫ್ಲರಮ್ಮ ಅವತ್ತು ಟೀ ತರಿಸಿ ಕುಡಿಯದೆ ಹಾಗೇ ಇಟ್ಟಿದ್ದಳು, ಇಬ್ಬರಿಗೂ ಆ ತಿಂಗಳ ಮಾತ್ರೆಯ ಬಾಟಲಿ ಆಗಷ್ಟೇ ಸಿಕ್ಕಿತ್ತು, ಒಂದೇ ಥರದ ಬಿಳಿ ಬಾಟಲಿ, ಅಂಕಿ ಮಾತ್ರ ಬೇರೆ. ಕೇಳಿಲ್ಲಿ ಬಿಸ್ಕತ್ತು, ಬಸ್ಸಲ್ಲಿ ಚಿಲ್ಲರೆ ಇಲ್ಲದಾಗ ನಾವೇನು ಮಾಡ್ತಿದ್ವಿ ಗೊತ್ತಾ, ಇಬ್ಬರು ಪ್ಯಾಸೆಂಜರಿಗೆ ಸೇರಿ ಒಂದೇ ನೋಟು ಕೊಟ್ಟುಬಿಡೋದು, ಇಳಿದು ನೀವಿಬ್ಬರೇ ಹಂಚ್ಕೊಳ್ಳಿ ಅನ್ನೋದು, ಒಂದು ದಿನ ಜಗಳ ಆಗಿಲ್ಲ, ಗುರುತಿಲ್ಲದವರೇ ಹಂಚ್ಕೊಳ್ತಾರೆ, ನಾವು ಹಂಚ್ಕೊಳ್ಳಬಾರದಾ. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ನಾಲ್ಕಾರು ಮಾತ್ರೆ ಅಂಗೈಗೆ ಸುರಿದುಕೊಂಡಳು, ಕೈ ಚಾಚಿದಳು, ನಂದರಲ್ಲಿ ಅರ್ಧ ನಿಂಗೆ, ನಿಂದರಲ್ಲಿ ಅರ್ಧ ನಂಗೆ, ಪ್ರತಿ ತಿಂಗಳೂ, ನೋಡೋಕೆ ಎರಡೂ ಒಂದೇ, ಸಿಸ್ಟರ್ ಉಳಿದಿದ್ದು ಎಣಿಸಿದರೂ ಲೆಕ್ಕ ತಪ್ಪಲ್ಲ, ಇಬ್ಬರಿಗೂ ಅರ್ಧರ್ಧನಾದ್ರೂ ಸಿಗುತ್ತೆ, ತಗೋ. ಆ ಅಂಗೈ — ಟಿಕೆಟ್ಟು ಹರಿದೂ ಹರಿದೂ ಹೆಬ್ಬೆರಳ ಹತ್ತಿರ ದಡ್ಡುಗಟ್ಟಿದ ಅಂಗೈ, ಮಧ್ಯೆ ತಿಳಿ ಹಳದಿಯ ಮಾತ್ರೆಗಳು, ಟೇಬಲ್ಲಿನ ಮೇಲೆ, ಟೀ ಲೋಟದ ಪಕ್ಕದಲ್ಲಿ. ಮತ್ತೆ ಅವಳು ಏನು ಮಾಡಿದಳು, ತನ್ನ ಬಾಟಲಿಯ ಮೇಲೆ ಕೈ ಮುಚ್ಚಿದಳು. ಬೇಡ ಕಣೇ, ಅಂದಳು, ಪರೀಕ್ಷೆ ಕೆಡುತ್ತೆ. ಹೇಗೆ ಕೆಡುತ್ತೆ. ನಾವು ಹೀಗೆ ಬೆರೆಸಿದರೆ ಎರಡು ತಟ್ಟೇಲೂ ಒಂದೇ ಬಿಸ್ಕತ್ತು ಇಟ್ಟ ಹಾಗೆ, ವ್ಯತ್ಯಾಸವೇ ಕಾಣಲ್ಲ, ಒಳ್ಳೇ ಮದ್ದಾಗಿದ್ದರೂ ಇದು ಕೆಲಸ ಮಾಡಲ್ಲ ಅಂತ ಎಸೆದುಬಿಡ್ತಾರೆ, ನಮ್ಮ ಹಿಂದೆ ಬರೋ ಹೆಂಗಸರಿಗೆ ಏನೂ ಸಿಗಲ್ಲ, ಅರ್ಧ ಮಾತ್ರೆ ಸಾಕಾ ಅಂತಲೂ ಯಾರಿಗೂ ಗೊತ್ತಿಲ್ಲ. ಹಿಂದಿನವರು ಹಿಂದಿನ ಬಸ್ಸಲ್ಲಿ ಬರ್ತಾರೆ ಬಿಡು, ನಾವು ಈ ಬಸ್ಸಲ್ಲಿದೀವಿ, ಅಂದಳು ಮಫ್ಲರಮ್ಮ. ಕೈ ಹಾಗೇ ಚಾಚಿಕೊಂಡಿತ್ತು. ಇವಳ ಕೈ ಹಾಗೇ ಮುಚ್ಚಿಕೊಂಡಿತ್ತು. ಎಷ್ಟು ಹೊತ್ತೋ, ಆಮೇಲೆ ಮಫ್ಲರಮ್ಮ ಮಾತ್ರೆಗಳನ್ನು ಒಂದೊಂದಾಗಿ ಬಾಟಲಿಗೆ ವಾಪಸ್ಸು ಹಾಕಿದಳು, ರೈಟ್ ಅಂದಳು, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಕೆಸರು ಅಂತ ಮುಖ ಕಿವಿಚಿದಳು, ಮತ್ತೆ ಆ ಮಾತು ಎತ್ತಲಿಲ್ಲ.

ಎತ್ತಿದ್ದು ಫೋನಿನಲ್ಲಿ, ಅದೂ ಆ ಮಾತಲ್ಲ. ಹೋದ ತಿಂಗಳು, ಗಂಡ ಬಟ್ಟೆ ಒಣಹಾಕುತ್ತಿದ್ದರು, ಫೋನು ಬಂತು, ಲೇ ಬಿಸ್ಕತ್ತು, ವಾಪಸ್ ಬಂತು ಕಣೇ, ಯಾರು, ಯಾರಂದ್ರೆ, ನಮ್ಮಿಬ್ಬರ ನೆಂಟ, ಹೊಟ್ಟೇಲಿ ನೀರು ತುಂಬಿದೆ, ಸ್ಕ್ಯಾನಲ್ಲಿ ಗಂಟು ಕಂಡಿದೆ, ಮತ್ತೆ ಡ್ರಿಪ್ ಶುರು, ಕಾಯಿಲೆ ವಾಪಸ್ ಬಂದವರಿಗೆ ಗುಟ್ಟು ಬಿಚ್ಚಿ ಹೇಳ್ತಾರಂತೆ, ಹೇಳಿದ್ರು, ನಂದು ಹುಸಿಯಂತೆ, ಸೀಮೆಸುಣ್ಣ ಕಣೇ, ಅಷ್ಟು ದಿನ ಸೀಮೆಸುಣ್ಣ ನುಂಗಿ ವಾಂತಿ ಮಾಡ್ಕೊಂಡಿದೀನಿ, ಮತ್ತೆ ಆ ಕೊನೆಯ ಸೀಟಿನವರೆಗೂ ಕೇಳುವ ಗಂಟಲಿನಲ್ಲಿ ಗಹಗಹಿಸಿ ನಗು, ನಗು ಕೆಮ್ಮಾಗಿ, ಕೆಮ್ಮು ನಿಂತು, ನಿಂದು ಕೇಳಿದ ತಕ್ಷಣ ನಂಗೆ ಹೇಳ್ಬೇಕು ನೀನು, ತಡೆಯೋಕಾಗ್ತಿಲ್ಲ. ಮಫ್ಲರಮ್ಮನಿಗೂ ಕುತೂಹಲ. ಫೋನಿಟ್ಟು ಇವಳು ಬಹಳ ಹೊತ್ತು ಒದ್ದೆ ಬಟ್ಟೆಗಳನ್ನೇ ನೋಡುತ್ತ ನಿಂತಳು, ಮೊದಲು ಬಂದದ್ದು ಅಳು, ಅಳುವಿನ ಬೆನ್ನಿಗೇ ಆ ಅಂಗೈ, ಅಂಗೈಯ ಬೆನ್ನಿಗೇ ಲೆಕ್ಕ — ಅವಳದು ಹುಸಿ ಅಂತಾಯಿತು, ಇನ್ನು ತನ್ನದೊಂದೇ ಬಾಕಿ, ತನ್ನದೂ ಹುಸಿಯಾದರೆ ಏನೂ ತೊಂದರೆ ಇಲ್ಲ, ಸುಣ್ಣಕ್ಕೆ ಸುಣ್ಣ ಬೆರೆಸಿದರೆ ಯಾರಿಗೇನು ಲಾಭ, ಅವತ್ತು ಕೈ ಮುಚ್ಚಿದ್ದರೂ ತೆರೆದಿದ್ದರೂ ಒಂದೇ. ತನ್ನದು ಅಸಲಿಯಾದರೆ. ಆಗ ಆ ಟೇಬಲ್ಲಿನ ಮೇಲೆ ಕೊಡಲು ಕೈ ಚಾಚಿದವಳ ಹತ್ತಿರ ಏನೂ ಇರಲಿಲ್ಲ, ಇದ್ದದ್ದೆಲ್ಲ ಇವಳ ಮುಚ್ಚಿದ ಕೈಯ ಕೆಳಗಿತ್ತು.

ಹಾಗಾಗಿ ಈಗ, ಈ ಕುರ್ಚಿಯಲ್ಲಿ, ಅವಳು ತನ್ನ ಮನಸ್ಸನ್ನೇ ಕಿಂಡಿಯಿಂದ ಇಣುಕಿ ನೋಡುತ್ತಿದ್ದಾಳೆ, ಒಳಗೆ ಯಾರೋ ಕೂತು ಹುಸಿಯಾಗಿರಲಿ ಹುಸಿಯಾಗಿರಲಿ ಅಂತ ಬೇಡಿಕೊಳ್ಳುತ್ತಿದ್ದಾರೆ, ಇದೆಂಥ ಹುಚ್ಚು, ಒಂದೂವರೆ ವರ್ಷ ಏನೂ ಕಾವಲಿಲ್ಲದೆ ಬದುಕಿದ್ದೇನೆ ಅಂತಾಗಲಿ ಅಂತ ಯಾರಾದರೂ ಬಯಸುತ್ತಾರಾ, ಬಯಸುತ್ತಾರೆ ನೋಡು, ಬಯಸುತ್ತಿದ್ದಾಳೆ, ಮನುಷ್ಯರ ಒಳಗೆ ಏನೆಲ್ಲ ಇರುತ್ತದಪ್ಪಾ. ಬೇಡ ಅನ್ನಬಹುದು, ನನಗೆ ಗೊತ್ತಾಗುವುದು ಬೇಡ ಸಿಸ್ಟರ್, ಅಂತ ಎದ್ದು ಹೋಗಬಹುದು, ಹಾಗೆ ಅಂದರೆ ಹುಸಿಯಾಗಿದ್ದರೂ ಹುಸಿಯನ್ನೇ ನುಂಗುತ್ತಿರಬೇಕು, ಕೆಳಗೆ ಥರ್ಮಾಸು ಹಿಡಿದು ಕೂತ ಗಂಡನಿಗೆ ಏನು ಹೇಳುವುದು, ಮತ್ತೆ, ಮುಖ್ಯವಾಗಿ, ತಡೆಯಲಾಗುವುದಿಲ್ಲ, ಡಬ್ಬಿ ಅಲ್ಲಾಡಿಸದೆ ಇರಲಾಗುವುದಿಲ್ಲ. ಬರೀ ಇಬ್ಬರಿಂದ ಮದ್ದಿನ ಲೆಕ್ಕ ಆಗುವುದಿಲ್ಲ, ಇದು ಅವಳಿಗೆ ಚೆನ್ನಾಗಿ ಗೊತ್ತು, ಅಸಲಿ ನುಂಗಿದವರಿಗೂ ವಾಪಸ್ ಬಂದಿದೆ, ಹುಸಿ ನುಂಗಿ ಹಾಯಾಗಿ ಇರುವವರೂ ಇದ್ದಾರೆ, ಅರ್ಧ ಮಾತ್ರೆಯಿಂದ ಮಫ್ಲರಮ್ಮನಿಗೆ ಏನೂ ಆಗದೆಯೂ ಇರಬಹುದಿತ್ತು, ತನಗೇ ಕಾಯಿಲೆ ಮರುಕಳಿಸಬಹುದಿತ್ತು, ಪರೀಕ್ಷೆ ಕೆಟ್ಟಿದ್ದರೆ ಇವತ್ತು ಈ ಮದ್ದು ಯಾರಿಗೂ ಸಿಗದೇ ಹೋಗುತ್ತಿತ್ತು, ಇಷ್ಟೂ ನಿಜ, ಒಂದೊಂದೂ ಒರೆಗೆ ಹಚ್ಚಿದ ನಿಜ, ಅಂಗೈ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ, ಟೀ ಲೋಟದ ಪಕ್ಕ ಚಾಚಿಕೊಂಡೇ ಇದೆ.

ಬನ್ನಿ ಅಮ್ಮಾ, ಅಂದರು ಟ್ರಯಲ್ ಸಿಸ್ಟರ್ ಬಾಗಿಲಿನಿಂದ, ಅವಳು ಎದ್ದಳು, ಚಿಕ್ಕ ಕೋಣೆ, ಕಂಪ್ಯೂಟರು, ತೂಕದ ಯಂತ್ರ, ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆ ಅನ್ನುವ ಚಿತ್ರ, ಸಿಸ್ಟರ್ ಅಂಕಿ ಒತ್ತುತ್ತಿದ್ದಾರೆ, ಕಣ್ಣು ಪರದೆಯ ಮೇಲೆ ಓಡುತ್ತಿದೆ, ಅವರ ಮುಖ — ನೋಡಬಾರದು, ನೋಡಿದರೆ ಮೊದಲೇ ಗೊತ್ತಾಗಿಬಿಡುತ್ತದೆ, ಅವಳು ಕೈ ತೊಳೆಯುವ ಚಿತ್ರವನ್ನೇ ನೋಡುತ್ತ ಕೂತಳು, ಮೊದಲು ಅಂಗೈ ಉಜ್ಜಿ, ಆಮೇಲೆ ಬೆರಳ ಸಂದಿ. ಹೇಳ್ಲಾ ಅಮ್ಮಾ, ಅಂದರು ಸಿಸ್ಟರ್. ಒಂದು ನಿಮಿಷ ಇರಿ, ಅಂದಳು. ಇದ್ದರು, ಒಳ್ಳೆಯವರು, ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೊರಗೆ ಯಾವುದೋ ಗಾಲಿಕುರ್ಚಿಯ ಒಂದು ಚಕ್ರ ಕಿರ್ರ್ ಅನ್ನುತ್ತ ಹೋಯಿತು, ಹೇಳಿ, ಅಂದಳು. ನಿಮ್ಮದು ಮದ್ದೇ ಅಮ್ಮಾ, ಮೊದಲಿನಿಂದಲೂ ಅಸಲಿ ಮಾತ್ರೇನೇ, ಅದೃಷ್ಟ ನಿಮ್ಮದು, ಹೀಗೇ ಮುಂದುವರಿಸೋಣ. ಸಿಸ್ಟರಿಗೆ ಏನು ಉತ್ತರ ಕೊಟ್ಟಳೋ, ಥ್ಯಾಂಕ್ಸ್ ಅಂದಿರಬೇಕು, ಹೊಸ ಬಾಟಲಿ ಕೈಗೆ ಬಂತು, ಇನ್ನು ಅಂಕಿಯಿಲ್ಲ, ನೇರವಾಗಿ ಮದ್ದಿನ ಹೆಸರೇ ಇದೆ, ಇಷ್ಟುದ್ದ, ಓದಲು ಬಾರದ ಹೆಸರು. ಹಾಗಾದರೆ ಆ ತಲೆ ಸುತ್ತು ನಿಜವೇ. ಈ ಚಮಚದ ರುಚಿ ನಿಜವೇ. ಗಂಡ ಹೇಳಿದ ಮುಖದ ಕಳೆಯೂ ನಿಜ, ಅವರಿಗೆ ಫೋನು ಮಾಡಬೇಕು, ಮಾಡಿದಳು, ಅಸಲಿ ರೀ, ಅಂದಳು, ಆ ಕಡೆಯಿಂದ ಮೂಗು ಸೀಟುವ ಸದ್ದು, ನಾನು ಹೇಳಿರಲಿಲ್ವಾ ಅಂದರು ಕೊನೆಗೆ. ಇವಳಿಗೂ ಸಂತೋಷವಾಯಿತು, ಸುಳ್ಳು ಯಾಕೆ, ಬದುಕುವುದೆಂದರೆ ಯಾರಿಗೆ ಬೇಡ, ಲಿಫ್ಟಿನ ಗುಂಡಿ ಒತ್ತಿದಳು.

ಲಿಫ್ಟು ಏರುತ್ತಿದೆ, ಒಂದು ಸುಳ್ಳು ಸಿದ್ಧವಾಗುತ್ತಿದೆ, ನಂದೂ ಸೀಮೆಸುಣ್ಣ ಕಣೇ, ಇಬ್ಬರೂ ಸೇರಿ ಬೆರೆಸಿದ್ದರೆ ಒಂದು ಸ್ಲೇಟಿನ ತುಂಬ ಬರೆಯಬಹುದಿತ್ತು, ಹೀಗೆ ಅಂದರೆ ಮಫ್ಲರಮ್ಮ ನಗುತ್ತಾಳೆ, ನಗಲಿ, ಒಂದು ಸುಳ್ಳಿನಿಂದ ಯಾರಿಗೆ ಏನು ನಷ್ಟ, ಪರೀಕ್ಷೆ ಮುಗಿದಿದೆ, ಕೆಡಲು ಏನೂ ಉಳಿದಿಲ್ಲ. ವಾರ್ಡಿನಲ್ಲಿ ಸಾಲು ಹಾಸಿಗೆ, ಕಿಟಕಿಯ ಹತ್ತಿರ ಮಫ್ಲರು, ಅದರೊಳಗಿನ ಮುಖ ಹೋದ ಸಲಕ್ಕಿಂತ ಸಣ್ಣದು, ಎಡಗೈ ಮಣಿಕಟ್ಟಿಗೆ ಸೂಜಿ ಚುಚ್ಚಿ ಅಲ್ಲಾಡದ ಹಾಗೆ ಒಂದು ಪುಟ್ಟ ಹಲಗೆಗೆ ಕಟ್ಟಿದ್ದಾರೆ. ಬಂದ್ಯಾ ಬಿಸ್ಕತ್ತು, ಕೂತ್ಕೋ, ಮೊದಲು ಹೇಳು ಆಮೇಲೆ ಕೂತ್ಕೋ. ಕಣ್ಣು ಮಾತ್ರ ಹಳೆಯವೇ, ಟಿಕೆಟ್ ಇಲ್ಲದವನನ್ನು ಗುಂಪಿನಲ್ಲಿ ಹುಡುಕಿ ಹಿಡಿಯುವ ಕಣ್ಣು, ಅವಕ್ಕೆ ಕರುಣೆ ಬೇಕಿಲ್ಲ, ಉತ್ತರ ಬೇಕು. ನಂದೂ, ಅಂದಳು ಇವಳು, ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ, ಕೆಲಸಕ್ಕೆ ಸೇರಿದ ದಿನದಿಂದ ಒಂದು ತಟ್ಟೆಯ ಹೆಸರನ್ನು ಇನ್ನೊಂದಕ್ಕೆ ಹೇಳಿದ ಬಾಯಲ್ಲ ಅದು. ಅಸಲಿ ಕಣೇ, ಅಂದಳು, ನಂದು ಅಸಲಿ.

ಡ್ರಿಪ್ಪಿನ ಕೊಳವೆಯಲ್ಲಿ ಹನಿ ಬೀಳುತ್ತಿತ್ತು, ಮಫ್ಲರಮ್ಮ ಅದನ್ನೇ ನೋಡಿದಳು, ಆಮೇಲೆ ಇವಳನ್ನು ನೋಡಿದಳು, ಮೇಲಿಂದ ಕೆಳಗೆ, ಗುಂಗುರು ಕೂದಲು, ಕೆನ್ನೆ, ಸೆರಗಿನ ಕೆಳಗಿನ ಸಪಾಟಾದ ಹೊಟ್ಟೆ. ಹಾಗಾದ್ರೆ ಕೆಲಸ ಮಾಡುತ್ತೆ ಅನ್ನು, ಅಂದಳು. ಹ್ಞೂಂ. ಈ ಡ್ರಿಪ್ಪೆಲ್ಲ ಮುಗಿದ ಮೇಲೆ ನಂಗೂ ಅದನ್ನೇ ಕೊಡ್ತಾರಂತೆ, ಡಾಕ್ಟರ್ ಹೇಳಿದ್ರು, ಈ ಸಲ ಸುಣ್ಣ ಅಲ್ಲ, ಇದೆಯಾ ನಿನ್ನ ಹತ್ರ, ತೋರಿಸು. ಬಾಟಲಿ ತೆಗೆದಳು, ಮುಚ್ಚಳ ತಿರುಗಿಸಿ ಒಂದು ಮಾತ್ರೆ ಮಫ್ಲರಮ್ಮನ ಬಲಗೈಗೆ ಹಾಕಿದಳು, ಮಫ್ಲರಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು, ತಿರುಗಿಸಿ ನೋಡಿದಳು, ಮೂಸಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದಳು, ಒಂಚೂರೂ ವ್ಯತ್ಯಾಸ ಇಲ್ವಲ್ಲೇ, ನಂದೂ ಹೀಗೇ ಇತ್ತು. ಅವತ್ತು ಕ್ಯಾಂಟೀನಲ್ಲಿ, ಅಂತ ಇವಳು ಶುರು ಮಾಡಿದಳು. ಗೊತ್ತು, ಅಂದಳು ಮಫ್ಲರಮ್ಮ. ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಅಷ್ಟೇ, ಗೊತ್ತು. ಮಾತ್ರೆಯನ್ನು ಇವಳ ಕೈಗೆ ವಾಪಸ್ಸು ಇಟ್ಟು ಇವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು, ಸಂಜೇದು ತಾನೇ, ಮರೀಬೇಡ, ಅಂದು ಕಣ್ಣು ಮುಚ್ಚಿದಳು. ಇವಳು ಏನಾದರೂ ಕೇಳಬೇಕು, ಕೇಳಲು ಇವಳಿಗೆ ಯಾವಾಗಲೂ ಏನಾದರೂ ಇರುತ್ತದೆ, ಗೊತ್ತು ಅಂದರೆ ಏನು ಗೊತ್ತು, ಸಿಟ್ಟಿದೆಯಾ, ಯಾವಾಗಿನಿಂದ ಗೊತ್ತು, ಇಬ್ಬರಿಂದ ಲೆಕ್ಕ ಆಗುವುದಿಲ್ಲ ಅನ್ನುವುದು, ಹಿಂದಿನ ಬಸ್ಸಿನವರು, ಅರ್ಧ ಮಾತ್ರೆ ಸಾಕಾಗುತ್ತಿತ್ತೋ ಇಲ್ಲವೋ ಅನ್ನುವುದು, ಒಂದೊಂದು ಮಾತೂ ಹೊರಟು ಅರ್ಧ ದಾರಿಯಲ್ಲಿ ನಿಂತಿತು, ಮಡಚಿದ ತನ್ನ ಮುಷ್ಟಿಯೊಳಗೆ ಮಾತ್ರೆ, ಎದುರಿಗೆ ಬಿಳಿ ಹಾಸಿನ ಮೇಲೆ ಹಲಗೆಗೆ ಕಟ್ಟಿದ ಆ ಎಡಗೈ, ಮಡಚಲು ಬಾರದ ಕೈ, ಅಂಗೈ ಮೇಲಾಗಿ, ತೆರೆದುಕೊಂಡು, ಖಾಲಿ, ಆ ಅಂಗೈ —